ಮೊಮ್ಮಕ್ಕಳ ರಜೆ ಕೂಡಿಬಂದಾಗ

ಏಪ್ರಿಲ್ ಬಂತೆಂದರೆ ನಮ್ಮ ಮನೆಗಳ ಚಿತ್ರ ನಿಮಗೆ ಗೊತ್ತೇ ಇದೆ. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶ್ಯಾವಿಗೆ. ಕಾಗೆ ಓಡಿಸಲು ಕೋಲು ಹಿಡಿದು ಕುಳಿತ ಮಕ್ಕಳು. "ಅವ್ವಾ, ಆಯಿ ಮನಿಗೆ ಯಾವಾಗ ಹೋಗೂದು?" ಎಂಬ ಒಂದೇ ರಾಗ. ಎಲ್ಲ ದೇಶದ ಮಕ್ಕಳಿಗೂ ರಜೆ ಹೀಗೇ ಬರುತ್ತದೆಂದು ನಾನು ತಿಳಿದಿದ್ದೆ.

ನನ್ನ ತವರು ಮೂಡಲಗಿ, ಕೊಟ್ಟ ಮನೆ ಗೋಕಾಕ. ಅಕ್ಕ ಹುಕ್ಕೇರಿಯಲ್ಲಿದ್ದಾಳೆ. ತಮ್ಮನೊಬ್ಬ ಇಂಗ್ಲೆಂಡಿನಲ್ಲಿ. "ಎಲ್ಲಾ ಮೊಮ್ಮಕ್ಕಳು ಒಂದ ಪಂಕ್ತ್ಯಾಗ ಕುಂತು ಉಣ್ಣೂದು ನಾ ಯಾವಾಗ ನೋಡ್ಲಿ ಯವ್ವಾ?" ಎಂದು ನಮ್ಮ ಅವ್ವ ಕೇಳುತ್ತಲೇ ಇದ್ದಳು.

2024ರ ಮಾರ್ಚ್ ಕೊನೆಗೆ ತಮ್ಮ ಮಕ್ಕಳನ್ನು ಕರೆದುಕೊಂಡು ಬಂದ. ಅವರಿಗೆ ವಸಂತದ ರಜೆ, ನಮ್ಮ ಮಕ್ಕಳಿಗೆ ಪರೀಕ್ಷೆ! ಏಪ್ರಿಲ್ 10ರಂದು ಘಟಪ್ರಭಾ ಸ್ಟೇಷನ್ನಿನಲ್ಲಿ ಅವರನ್ನು ರೈಲು ಹತ್ತಿಸಿ ಬಂದೆವು. ಮರುದಿನವೇ ನಮ್ಮ ಶಾಲೆಗಳಿಗೆ ರಜೆ. ಅವ್ವ ಅಂದು ಸರಿಯಾಗಿ ಉಣ್ಣಲಿಲ್ಲ. "ಇನ್ನೆರಡು ದಿನ ಇರಬಾರದಿತ್ತೇನೋ?" ಎಂದು ನಾನೂ ತಮ್ಮನ ಮೇಲೆ ಸಿಟ್ಟಾದೆ. ಆದರೆ ಅಲ್ಲಿ ಶಾಲೆ ನಡೆಯುವಾಗ ಒಪ್ಪಿಗೆಯಿಲ್ಲದೆ ಮಕ್ಕಳನ್ನು ತಪ್ಪಿಸಿದರೆ ತಂದೆ-ತಾಯಿಗೆ ದಂಡ ಬೀಳಬಹುದಂತೆ.

ಆಗಲೇ ನಾನು ಬೇರೆ ಬೇರೆ ದೇಶದ ರಜೆಗಳನ್ನು ಗುರುತು ಹಾಕತೊಡಗಿದ್ದು. ಜಪಾನಿನಲ್ಲಿ ಶಾಲೆಯ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ, ಹೊಸದು ಆರಂಭವಾಗುವುದು ಏಪ್ರಿಲ್‌ನಲ್ಲಿ. ನಡುವೆ ಸುಮಾರು ಎರಡು ವಾರ ಬಿಡುವು. ಅಮೆರಿಕದಲ್ಲಿ ಬಹಳ ಕಡೆ ವಸಂತಕ್ಕೆ ಒಂದೇ ವಾರ, ಅದೂ ಊರಿಗೊಂದು ತೆರನಾಗಿ. ಫ್ರಾನ್ಸಿನಲ್ಲಿ ದೇಶವನ್ನೇ ಮೂರು ಭಾಗ ಮಾಡಿ, ಎರಡು ವಾರದ ರಜೆಯನ್ನು ಹಿಂದೆ ಮುಂದೆ ಕೊಡುತ್ತಾರೆ. ಎಲ್ಲರೂ ಒಮ್ಮೆಲೇ ಪ್ರವಾಸಕ್ಕೆ ಹೊರಟು ನೂಕುನುಗ್ಗಲಾಗದಿರಲೆಂದು. ಆಸ್ಟ್ರೇಲಿಯಾದಲ್ಲಿ ವಸಂತ ಬರುವುದೇ ಸೆಪ್ಟೆಂಬರ್‌ನಲ್ಲಿ. ಅಲ್ಲಿಯ ವಸಂತದ ರಜೆ ನಮ್ಮ ದಸರೆಯ ಹತ್ತಿರ ಬರುತ್ತದೆ.

ನಮ್ಮದು ಬಿಸಿಲು ಕೊಟ್ಟ ರಜೆ. 2024 ಮತ್ತು 2025ರಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಇತ್ತು. ಇಂಗ್ಲೆಂಡಿನ ಮಕ್ಕಳಿಗೆ ದೊಡ್ಡ ರಜೆ ಜುಲೈ ಕೊನೆಯಿಂದ ಆರು ವಾರ. ಆಗ ಗೋಕಾಕ ಫಾಲ್ಸ್ 171 ಅಡಿ ಮೇಲಿಂದ ಕೆಂಪು ನೀರು ಧುಮ್ಮಿಕ್ಕುತ್ತದೆ, ಆದರೆ ನಮ್ಮ ಮಕ್ಕಳು ಶಾಲೆಯಲ್ಲಿರುತ್ತಾರೆ. ನಮ್ಮ ಮಕ್ಕಳಿಗೆ ರಜೆ ಬಂದಾಗ ಅಲ್ಲಿ ಉಳಿಯುವುದು ಹೆಚ್ಚಾಗಿ ಬರೀ ಬಂಡೆ!

ಹಾಗಾದರೆ ಕೂಡುವುದು ಹೇಗೆ? ಉಪಾಯ ಸಿಕ್ಕಿದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ. ಇಂಗ್ಲೆಂಡಿನ ವಸಂತದ ರಜೆ ಹೆಚ್ಚಾಗಿ ಈಸ್ಟರ್ ಹಬ್ಬದ ಸುತ್ತ ಇರುತ್ತದೆ. ಈಸ್ಟರ್ ನಮ್ಮ ಹಬ್ಬಗಳಂತೆಯೇ ಚಂದ್ರನನ್ನು ನೋಡಿ ಬರುವ ಹಬ್ಬ. ಮಾರ್ಚ್ 21ರಿಂದ ಮುಂದೆ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ರವಿವಾರ ಅದು. 2024ರಲ್ಲಿ ಅದು ಹೋಳಿ ಹುಣ್ಣಿಮೆಯಾಗಿತ್ತು, ಮಾರ್ಚ್ 31ಕ್ಕೇ ಈಸ್ಟರ್ ಬಂತು. 2025ರಲ್ಲಿ ದವನದ ಹುಣ್ಣಿಮೆ, ಈಸ್ಟರ್ ಏಪ್ರಿಲ್ 20ಕ್ಕೆ ಹೋಯಿತು.

ಇದನ್ನು ಮೊದಲೇ ನೋಡಿ ತಮ್ಮನಿಗೆ ಫೋನು ಮಾಡಿದೆ. 2025ರ ಏಪ್ರಿಲ್ 11ರಂದು ನಾವು ಗೋಕಾಕದಿಂದ, ಅಕ್ಕ ಹುಕ್ಕೇರಿಯಿಂದ ಮೂಡಲಗಿಗೆ ಹೋದೆವು. ತಮ್ಮನ ಮಕ್ಕಳು ಆಗಲೇ ಮಾಳಿಗೆ ಏರಿ ಸಂಡಿಗೆ ಕಾಯುತ್ತಿದ್ದರು. ಹಸಿ ಸಂಡಿಗೆಯನ್ನು ಅರ್ಧ ಅವರೇ ತಿಂದಿದ್ದರು, ಕಾಗೆಯ ಮೇಲೆ ಹೆಸರು!

ಗೆಳತಿಯರೇ, ನಿಮ್ಮವರೂ ಆ ಕಡೆ ಇದ್ದರೆ ಇದನ್ನು ಬರೆದಿಟ್ಟುಕೊಳ್ಳಿ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, ರಜೆ ಕೂಡುವುದು ಕಷ್ಟ. 2028ರಲ್ಲಿ ಏಪ್ರಿಲ್ 16ಕ್ಕೆ, ಕೂಡಬಹುದು. ಟಿಕೆಟ್ ತೆಗೆಸುವ ಮೊದಲು ಎರಡೂ ಶಾಲೆಗಳ ರಜೆಪಟ್ಟಿ ತರಿಸಿ ನೋಡಿರಿ.

ಆ ರಾತ್ರಿ ಏಳೂ ಮೊಮ್ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಚಪಾತಿ, ಮಾವಿನ ಶೀಕರಣಿ ಉಂಡರು. ಅವ್ವ ಬಡಿಸುವುದನ್ನು ನಮಗೆ ಬಿಟ್ಟು, ಕಂಬಕ್ಕೆ ಒರಗಿ ಸುಮ್ಮನೆ ನೋಡುತ್ತ ಕುಳಿತಿದ್ದಳು.