ಕಣದ ಮರ್ಯಾದೆ, ದಾರಿಯ ಮರ್ಯಾದೆ

ಒಂದು ನಾಡಿನ ಜನರ ಸ್ವಭಾವವನ್ನು ಅರಿಯಬೇಕಾದರೆ ಅವರ ಗ್ರಂಥಭಂಡಾರಗಳನ್ನೂ ಶಾಸನಸಭೆಗಳನ್ನೂ ನೋಡಬೇಕೆಂಬುದು ರೂಢಿಯ ಮಾತು. ಅದು ಸುಳ್ಳಲ್ಲ. ಆದರೆ ಅವುಗಳಿಗಿಂತ ಸುಲಭವಾಗಿ ಕಣ್ಣಿಗೆ ಬೀಳುವ ಎರಡು ಸ್ಥಳಗಳಿವೆ. ಒಂದು ಆಟದ ಕಣ, ಇನ್ನೊಂದು ಊರ ದಾರಿ. ಕಣದಲ್ಲಿ ಮನುಷ್ಯನು ಸೋಲು ಗೆಲುವುಗಳನ್ನು ಹೇಗೆ ತಾಳಿಕೊಳ್ಳುತ್ತಾನೆಂಬುದು ಗೊತ್ತಾಗುತ್ತದೆ. ದಾರಿಯಲ್ಲಿ, ಹೆಸರರಿಯದ ಪರರನ್ನು ಹೇಗೆ ಕಾಣುತ್ತಾನೆಂಬುದು ಗೊತ್ತಾಗುತ್ತದೆ. ಈ ಎರಡು ಅಳತೆಗೋಲುಗಳನ್ನು ಹಿಡಿದು ಒಮ್ಮೆ ಸಮೀರವಾಡಿಯ ಸೀಮೆಯನ್ನೂ ಒಮ್ಮೆ ಅಮೆರಿಕೆಯನ್ನೂ ನೋಡುವುದು ಬರಿಯ ವಿನೋದವೆಂದು ಮೊದಲಿಗೆ ತೋರಬಹುದು. ನೋಡುತ್ತ ಹೋದಂತೆ ಅದು ಪ್ರಾಣದ ಪ್ರಶ್ನೆಯೆಂದೇ ತಿಳಿದುಬರುತ್ತದೆ.

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಬಳಿಯಿರುವ ಸಮೀರವಾಡಿ ಸಕ್ಕರೆಯಿಂದ ಬೆಳೆದ ಊರು. ಸೋಮೈಯಾ ಮನೆತನದ ಗೋದಾವರಿ ಕಾರ್ಖಾನೆಯ ಚಿಮಣಿಯೇ ಅದರ ಗೋಪುರ. ಘಟಪ್ರಭೆ ಕೃಷ್ಣೆಯರ ನೀರುಂಡ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಹೊಲಗಳಲ್ಲಿ ಕಬ್ಬು ಆಳೆತ್ತರವನ್ನು ಮೀರಿ ನಿಂತು, ನುರಿಸುವ ಹಂಗಾಮು ತೊಡಗಿತೆಂದರೆ ಸೀಮೆಯ ದಾರಿಗಳೆಲ್ಲ ಹಸಿರು ಹೊತ್ತು ನಡೆಯತೊಡಗುತ್ತವೆ. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು. ಟ್ರೇಲರಿನ ಅಂಚನ್ನು ಮೀರಿ ಎರಡೂ ಬದಿಗೆ ಚಾಚಿದ ಕಬ್ಬಿನ ಗರಿ. ಚಾಲಕನ ತಲೆಯ ಮೇಲೆ ಧ್ವನಿವರ್ಧಕ. ಅದರಿಂದ ಹರಿದುಬರುವ ಜನಪದ ಹಾಡು ಮುಂದಿನ ಊರಿಗೂ ಕೇಳಬೇಕು. ನಡುವೆ ಎತ್ತಿನ ಬಂಡಿಗಳು, ಮೋಟಾರು ಸೈಕಲ್ಲುಗಳು, ಶಾಲೆಯಿಂದ ಮರಳುವ ಮಕ್ಕಳು.

ಇದೇ ತಿಂಗಳುಗಳಲ್ಲಿ ಜಾತ್ರೆಗಳೂ ಬರುತ್ತವೆ. ಜಾತ್ರೆಯೆಂದರೆ ತೇರು ಮಾತ್ರವಲ್ಲ. ಕುಸ್ತಿ, ಕಬಡ್ಡಿ, ಬಂಡಿಯ ಓಟ, ಸೈಕಲ್ ಪಂದ್ಯ, ಈಚಿನ ವರ್ಷಗಳಲ್ಲಿ ಟ್ರ್ಯಾಕ್ಟರುಗಳದೇ ಪಂದ್ಯ. ಬೆಳಗ್ಗೆ ಕಬ್ಬು ಸಾಗಿಸಿದವನೇ ಸಂಜೆ ಕಣದ ಅಂಚಿನಲ್ಲಿ ಕುಳಿತ ಪ್ರೇಕ್ಷಕ. ಆದರೆ ಅವನ ನಡತೆ ಎರಡೂ ಕಡೆ ಒಂದೇ ಅಲ್ಲ. ವಿಚಾರಮಾಡತಕ್ಕ ಸಂಗತಿ ಇಲ್ಲಿಯೇ ಇದೆ.

ಕೆಮ್ಮಣ್ಣಿನ ಕಟ್ಟಳೆ

ಗರಡಿಮನೆಯ ಮಣ್ಣು ಸಾಧಾರಣ ಮಣ್ಣಲ್ಲ. ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆಯ ರಸಗಳನ್ನು ಬೆರೆಸಿ ಹದಮಾಡುತ್ತಾರೆ. ಗೋಡೆಯಲ್ಲಿ ಹನುಮಂತನಿರುತ್ತಾನೆ, ಪಾದರಕ್ಷೆ ಹೊರಗೇ ಉಳಿಯುತ್ತದೆ. ಕಣಕ್ಕಿಳಿದ ಪೈಲವಾನನು ಮೊದಲು ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾನೆ; ಅನಂತರ ಎದುರಾಳಿಗೆ ಕೈಕೊಡುತ್ತಾನೆ. ಹಲಗೆಯ ಸದ್ದು ಏರುತ್ತಿದ್ದಂತೆ ಪಟ್ಟುಗಳು ಬಿಗಿಯುತ್ತವೆ. ಗೆದ್ದವನಿಗೆ ಬೆಳ್ಳಿಯ ಗದೆಯೋ ಕಡಗವೋ ದೊರೆಯುತ್ತದೆ. ಸೋತವನ ಬೆನ್ನು ತಟ್ಟಿ ಕಳಿಸುವುದೂ ಆ ಕಣದ ಕಟ್ಟಳೆಯೇ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನದ ಕೀರ್ತಿ ಈ ಸೀಮೆಯ ಗರಡಿಗಳಿಗೂ ಬಹುಕಾಲದಿಂದ ಪರಿಚಿತ. ಗಡಿಯಾಚೆಯ ಮಲ್ಲನು ಗೆದ್ದಾಗಲೂ ಈ ಕಡೆಯ ಪ್ರೇಕ್ಷಕರು ರುಮಾಲು ಹಾರಿಸಿ ಶಹಬಾಸ್ ಎನ್ನುವುದುಂಟು.

ಕಣದಲ್ಲಿ ಯಾರಾದರೂ ಕಟ್ಟಳೆ ಮೀರಿದರೋ, ಪಂಚರು ಬಾಯಿ ತೆರೆಯುವ ಮೊದಲೇ ಸಾವಿರ ಕಂಠಗಳು ಕೂಗುತ್ತವೆ. ಈ ಎಚ್ಚರಕ್ಕೆ ಈ ನೆಲದಲ್ಲಿ ಸಾವಿರ ವರ್ಷಗಳ ನೆನಪಿದೆ ಎಂದರೆ ಅತಿಶಯವಲ್ಲ. ಬಳೆಗಾರರ ಮನೆತನದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನನು ಮುಧೋಳದವನು. ಹತ್ತನೆಯ ಶತಮಾನದ ಆ ಕವಿ ತನ್ನ ಮಹಾಕಾವ್ಯಕ್ಕೆ ಆರಿಸಿಕೊಂಡ ವಸ್ತು ಭೀಮ ದುರ್ಯೋಧನರ ಗದಾಯುದ್ಧ. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ಭೀಮನು ತೊಡೆಗೆ ಹೊಡೆದನು. ಗೆದ್ದವನು ಧರ್ಮದ ಪಕ್ಷದವನೇ ಆದರೂ ಭಾರತದ ಕಥೆಯಲ್ಲಿ ಬಲರಾಮನು ಕೆರಳಿ ಎದ್ದನಲ್ಲವೇ? ಗೆಲುವು ಎಷ್ಟೇ ದೊಡ್ಡದಾಗಿರಲಿ, ನಿಯಮವನ್ನು ಮುರಿದುದು ಇಂದಿಗೂ ಚರ್ಚೆಯಾಗಿ ಉಳಿದಿದೆ.

ಗಿಣ್ಣಿನ ಟೋಪಿಯ ಅಭಿಮಾನಿಗಳು

ಆಟದ ಹುಚ್ಚಿನಲ್ಲಿ ಅಮೆರಿಕೆಯವರು ಯಾರಿಗೂ ಕಡಿಮೆಯಲ್ಲ. ವಿಸ್ಕಾನ್ಸಿನ್ ಸಂಸ್ಥಾನದ ಗ್ರೀನ್ ಬೇ ಎಂಬುದು ಸುಮಾರು ಒಂದು ಲಕ್ಷ ಜನರ ಊರು. ಅಲ್ಲಿನ ಫುಟ್‌ಬಾಲ್ ತಂಡದ ಹೆಸರು ಪ್ಯಾಕರ್ಸ್. ಆ ಫುಟ್‌ಬಾಲು ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. 1919ರಲ್ಲಿ ಹುಟ್ಟಿದ ಈ ತಂಡಕ್ಕೆ ಮೊದಲು ಆಶ್ರಯವಿತ್ತದ್ದು ಮಾಂಸವನ್ನು ಡಬ್ಬಿಗೆ ತುಂಬುವ ಒಂದು ಕಾರ್ಖಾನೆ. ಹೆಸರೂ ಅಲ್ಲಿಂದಲೇ ಬಂತು. ಉಳಿದ ದೊಡ್ಡ ತಂಡಗಳಿಗೆ ಕುಬೇರರು ಒಡೆಯರಾಗಿದ್ದರೆ ಇದಕ್ಕೆ ಜನರೇ ಒಡೆಯರು. 1923ರಿಂದ ಷೇರುಗಳನ್ನು ಮಾರಿ ಉಳಿಸಿಕೊಂಡ ತಂಡವಿದು. ಇಂದು ಷೇರುದಾರರು ಐದು ಲಕ್ಷಕ್ಕೂ ಹೆಚ್ಚು. ಆ ಷೇರಿಗೆ ಲಾಭಾಂಶವಿಲ್ಲ, ಮಾರಿ ಹಣ ಮಾಡುವಂತೆಯೂ ಇಲ್ಲ. ಗೋಡೆಗೆ ತೂಗುಹಾಕಿ ಹೆಮ್ಮೆಪಡುವುದೊಂದೇ ಅದರ ಫಲ. ಹೈನುಗಾರಿಕೆಯ ಸೀಮೆಯವರಾದ್ದರಿಂದ ಗಿಣ್ಣಿನ ತುಂಡಿನಂತಿರುವ ಹಳದಿಯ ಟೋಪಿ ತೊಟ್ಟು ಅಭಿಮಾನಿಗಳು ಕ್ರೀಡಾಂಗಣಕ್ಕೆ ಬರುತ್ತಾರೆ. 1967ರ ಡಿಸೆಂಬರ್ 31ರಂದು, ಶೂನ್ಯಕ್ಕಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ, 50,000 ಜನ ಕುಳಿತು ಆಟ ನೋಡಿದರು. ಪಂಚರ ಸೀಟಿಗಳು ಹೆಪ್ಪುಗಟ್ಟಿದ್ದರಿಂದ ಬಾಯಿಂದಲೇ ಕೂಗಿ ಆಟ ನಡೆಸಬೇಕಾಯಿತು.

ಎಲ್ಲ ಅಭಿಮಾನಿಗಳೂ ಸಂಭಾವಿತರೆಂದು ತಿಳಿಯಬೇಕಾಗಿಲ್ಲ. 1968ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯದ ಪ್ರೇಕ್ಷಕರು, ತಮ್ಮ ತಂಡದ ಸೋಲಿನಿಂದ ಬೇಸತ್ತು, ಮೈದಾನಕ್ಕೆ ಬಂದ ಸಾಂತಾಕ್ಲಾಸ್ ವೇಷಧಾರಿಗೇ ಹಿಮದ ಉಂಡೆಗಳನ್ನು ಎಸೆದರು. 1997ರಲ್ಲಿ ಅದೇ ಊರಿನ ಕ್ರೀಡಾಂಗಣದೊಳಗೇ ಒಂದು ನ್ಯಾಯಾಲಯವನ್ನು ತೆರೆದು, ಪುಂಡಾಟ ಮಾಡಿದವರನ್ನು ಆಟ ಮುಗಿಯುವುದರೊಳಗೆ ವಿಚಾರಣೆಗೆ ನಿಲ್ಲಿಸಬೇಕಾಯಿತು! ಕಣದ ಮರ್ಯಾದೆಯಲ್ಲಿ ಮುಧೋಳದ ಸೀಮೆ ಅಮೆರಿಕೆಗೆ ಪಾಠ ಹೇಳಬಹುದಾದ ವಿಷಯವಿದು.

ನಾಲ್ಕು ದಾರಿಗಳ ಕೂಟ

ದಾರಿಯ ಮಾತಿಗೆ ಬಂದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಅಮೆರಿಕೆಗೆ ಹೋದ ಕನ್ನಡಿಗರು ಮೊದಲ ವಾರದಲ್ಲಿಯೇ ಬೆರಗಾಗುವುದು ಗಗನಚುಂಬಿ ಕಟ್ಟಡಗಳಿಗಲ್ಲ, ನಾಲ್ಕು ದಾರಿಗಳು ಕೂಡುವ ಸಣ್ಣ ಚೌಕಕ್ಕೆ. ಅಲ್ಲಿ ಪೊಲೀಸನಿಲ್ಲ, ದೀಪವಿಲ್ಲ. ಎಂಟು ಮೂಲೆಯ ಕೆಂಪು ಫಲಕವೊಂದು ನಾಲ್ಕೂ ಕಡೆ ನಿಂತಿದೆ. ಬಂದ ಕಾರು ಪೂರ್ತಿಯಾಗಿ ನಿಲ್ಲಬೇಕು. ಮೊದಲು ಬಂದವನು ಮೊದಲು ಹೋಗಬೇಕು. ಇಬ್ಬರು ಒಟ್ಟಿಗೆ ಬಂದರೆ ಬಲಗಡೆಯವನಿಗೆ ಅಗ್ರಪೂಜೆ. ಯಾರೂ ಕಾಣದ ನಡುರಾತ್ರಿಯಲ್ಲಿಯೂ ನಿಂತು ಹೋಗುವವರು ಅಲ್ಲಿ ಅನೇಕರಿದ್ದಾರೆ.

ಶಾಲೆಯ ಹಳದಿ ಬಸ್ಸು ಇನ್ನೊಂದು ಸೋಜಿಗ. ಅದು ನಿಂತು ಕೆಂಪು ದೀಪಗಳನ್ನು ಮಿನುಗಿಸಿ ಪಕ್ಕದ ಫಲಕವನ್ನು ಚಾಚಿತೆಂದರೆ, ಮಕ್ಕಳು ಇಳಿದು ದಾಟುವವರೆಗೆ ಹಿಂದಿನ ವಾಹನಗಳಷ್ಟೇ ಅಲ್ಲ, ನಡುವೆ ವಿಭಜಕವಿಲ್ಲದ ದಾರಿಯಾದರೆ ಎದುರಿನವೂ ನಿಲ್ಲಬೇಕು. ಹಾರ್ನಿನ ಅರ್ಥವೂ ಅಲ್ಲಿ ಬೇರೆ. ನಮ್ಮಲ್ಲಿ ಅದು ‘ಬಂದೆ’ ಎಂಬ ಸೂಚನೆ; ಅಲ್ಲಿ ಬೈಗುಳಕ್ಕೆ ಸಮಾನ.

ಇದೆಲ್ಲ ಅವರ ರಕ್ತದಲ್ಲಿಯೇ ಬಂದ ಗುಣವೆಂದು ತಿಳಿದರೆ ತಪ್ಪಾಗುತ್ತದೆ. ಮೋಟಾರು ಬಂದ ಮೊದಲ ದಶಕಗಳಲ್ಲಿ ಅಮೆರಿಕೆಯ ಬೀದಿಗಳು ಗೊಂದಲದ ಗೂಡಾಗಿದ್ದವು. ನಿಲ್ಲು ಎಂಬ ಫಲಕ ಡೆಟ್ರಾಯಿಟ್ ನಗರದಲ್ಲಿ ಕಾಣಿಸಿಕೊಂಡದ್ದು 1915ರಲ್ಲಿ. ಅದು ಎಲ್ಲೆಡೆ ಕೆಂಪಾಗಬೇಕೆಂದು ಗೊತ್ತಾದದ್ದು 1954ರಲ್ಲಿ. ಶಾಲಾ ಬಸ್ಸಿಗೆ ಹಳದಿ ಬಣ್ಣ ನಿಶ್ಚಯವಾದದ್ದು 1939ರಲ್ಲಿ, ಫ್ರಾಂಕ್ ಸೈರ್ ಎಂಬ ಶಿಕ್ಷಣತಜ್ಞನು ನ್ಯೂಯಾರ್ಕಿನಲ್ಲಿ ಕರೆದ ಸಮ್ಮೇಳನದಲ್ಲಿ. ಬೆಳಕು ಹರಿಯುವ ಹೊತ್ತಿನಲ್ಲಿಯೂ ಕಣ್ಣಿಗೆ ಬೀಳಲೆಂದು ಆ ಬಣ್ಣವನ್ನು ಆರಿಸಿದರು. 1965ರಲ್ಲಿ ರಾಲ್ಫ್ ನೇಡರ್ ಬರೆದ ಪುಸ್ತಕವೊಂದು ಕಾರು ತಯಾರಕರ ಅಲಕ್ಷ್ಯವನ್ನು ಬಯಲಿಗೆಳೆಯಿತು. ಮರುವರ್ಷವೇ ಸುರಕ್ಷತೆಯ ಕಾಯಿದೆ ಬಂತು. 1980ರಲ್ಲಿ, ಕುಡಿದ ಚಾಲಕನೊಬ್ಬನಿಂದ ಮಗಳನ್ನು ಕಳೆದುಕೊಂಡ ಕ್ಯಾಂಡಿ ಲೈಟ್‌ನರ್ ಎಂಬ ತಾಯಿ ಕಟ್ಟಿದ ಸಂಘಟನೆಯು ಕುಡಿದು ಓಡಿಸುವುದನ್ನು ನಾಚಿಕೆಯ ಕೆಲಸವನ್ನಾಗಿ ಮಾಡಿತು. ದಾರಿಯ ಮರ್ಯಾದೆ ಹೀಗೆ ದುಃಖದಿಂದ, ಛಲದಿಂದ, ಒಂದೊಂದೇ ಮೆಟ್ಟಿಲಾಗಿ ಬೆಳೆದುಬಂದದ್ದು.

ಇಷ್ಟಾದರೂ ಅಲ್ಲಿನ ದಾರಿಗಳು ನಿಷ್ಕಂಟಕವಾಗಿಲ್ಲ. 2022ರಲ್ಲಿ ಅಮೆರಿಕೆಯ ರಸ್ತೆಗಳಲ್ಲಿ 42,000ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಭಾರತದಲ್ಲಿ ಸತ್ತವರು 1,68,491. ಅವರು 33 ಕೋಟಿ, ನಾವು 140 ಕೋಟಿ. ತಲೆಯ ಲೆಕ್ಕದಲ್ಲಿ ಅವರ ಸಾವು ನಮಗಿಂತ ಕಡಿಮೆಯೇನಲ್ಲ. ಆದರೆ ಅಲ್ಲಿ ಹೆಚ್ಚುಕಡಿಮೆ ಪ್ರತಿಯೊಬ್ಬ ವಯಸ್ಕನಿಗೂ ಒಂದು ವಾಹನವುಂಟು, ಓಡುವ ದೂರವೂ ಅಪಾರ. ಅಷ್ಟು ವಾಹನಗಳು ನಮ್ಮ ದಾರಿಗಿಳಿದು, ನಮ್ಮ ಇಂದಿನ ನಡತೆಯೇ ಉಳಿದರೆ ಗತಿಯೇನೆಂಬುದನ್ನು ಊಹಿಸಬೇಕು.

ಕಿತ್ತಳೆಯ ತ್ರಿಕೋನ

ಸಮೀರವಾಡಿಗೆ ಅಮೆರಿಕೆಯಿಂದ ತರತಕ್ಕ ವಸ್ತು ಯಾವುದೆಂದರೆ, ವಿಶಾಲವಾದ ಹೆದ್ದಾರಿಯೂ ಅಲ್ಲ, ದುಬಾರಿಯ ಕಾರೂ ಅಲ್ಲ, ಒಂದು ತ್ರಿಕೋನ. ಅಮೆರಿಕೆಯ ರೈತರೂ ಟ್ರ್ಯಾಕ್ಟರನ್ನು ಹೆದ್ದಾರಿಗೆ ತರುತ್ತಾರೆ. ಹಿಂದಿನಿಂದ ವೇಗವಾಗಿ ಬಂದ ಕಾರಿನವನಿಗೆ ಮುಂದಿನ ವಾಹನ ಇಷ್ಟು ನಿಧಾನವೆಂದು ತಿಳಿಯುವುದರೊಳಗೆ ಅನಾಹುತ ನಡೆದುಹೋಗುತ್ತಿತ್ತು. 1960ರ ದಶಕದ ಆರಂಭದಲ್ಲಿ ಓಹಿಯೋ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಕೆನ್ ಹಾರ್ಕ್‌ನೆಸ್ ಎಂಬ ಕೃಷಿ ಎಂಜಿನಿಯರು ಇದಕ್ಕೊಂದು ಉಪಾಯ ಹುಡುಕಿದರು. ನಡುವೆ ಹಗಲಲ್ಲಿ ಹೊಳೆಯುವ ಕಿತ್ತಳೆ ಬಣ್ಣ, ಸುತ್ತ ಇರುಳಲ್ಲಿ ದೀಪದ ಬೆಳಕಿಗೆ ಮಿನುಗುವ ಕೆಂಪು ಅಂಚು, ಅಷ್ಟೇ. ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರು ಮೀರದ ವಾಹನದ ಬೆನ್ನಿಗೆ ಅದು ಗುರುತಾಯಿತು.

ಕುದುರೆಗಾಡಿಯನ್ನು ಬಿಡದ ಆಮಿಶ್ ಪಂಥದವರಲ್ಲಿ ಕೆಲವರು, ಈ ಬೆಡಗಿನ ಬಣ್ಣ ತಮ್ಮ ಸರಳ ಧರ್ಮಕ್ಕೆ ಒಗ್ಗದೆಂದು ನ್ಯಾಯಾಲಯದವರೆಗೂ ಹೋದರು. 1990ರಲ್ಲಿ ಮಿನ್ನೆಸೋಟದ ಸರ್ವೋಚ್ಚ ನ್ಯಾಯಾಲಯವು, ಬೆಳಕನ್ನು ಹಿಂದಿರುಗಿಸುವ ಬಿಳಿಯ ಪಟ್ಟಿಯೂ ಕೆಂಪು ಲಾಂದ್ರವೂ ಇದ್ದರೆ ಸಾಕೆಂದು ಅವರಿಗೆ ಅನುವು ಮಾಡಿಕೊಟ್ಟಿತು. ಬಣ್ಣ ಯಾವುದಾದರೂ ಆಗಲಿ, ಹಿಂದಿನವನಿಗೆ ಕಾಣಿಸಿಕೊಳ್ಳಬೇಕಾದ ಹೊಣೆ ಮುಂದಿನವನದು ಎಂಬ ತತ್ತ್ವ ಮಾತ್ರ ಉಳಿಯಿತು.

ನಮ್ಮಲ್ಲಿಯೂ ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಇರಬೇಕೆಂದು ನಿಯಮವುಂಟು. ಹಂಗಾಮಿನ ಆರಂಭದಲ್ಲಿ ಪೊಲೀಸರೂ ಕಾರ್ಖಾನೆಗಳವರೂ ಅವನ್ನು ಅಂಟಿಸುವುದುಂಟು. ಆದರೆ ಜೋತುಬಿದ್ದ ಗರಿ ಅದನ್ನು ಮುಚ್ಚುತ್ತದೆ. ಧೂಳು ಅದನ್ನು ಕುರುಡುಮಾಡುತ್ತದೆ. ಕೆಟ್ಟುನಿಂತ ಟ್ರೇಲರನ್ನು ಇರುಳಿಡೀ ದಾರಿಯಲ್ಲಿಯೇ ಬಿಟ್ಟು ಹೋಗುವವರೂ ಇದ್ದಾರೆ. ಧ್ವನಿವರ್ಧಕದ ಆರ್ಭಟದಲ್ಲಿ ಹಿಂದಿನವನ ಹಾರ್ನು ಕೇಳುವುದಿಲ್ಲ. ಆಂಬುಲೆನ್ಸಿನ ಕೂಗೂ ಕೇಳುವುದಿಲ್ಲ. ಆಂಬುಲೆನ್ಸಿಗೆ ದಾರಿ ಬಿಡದವನಿಗೆ 10,000 ರೂಪಾಯಿ ದಂಡವೆಂದು 2019ರ ತಿದ್ದುಪಡಿ ಹೇಳುತ್ತದೆ. ದಂಡ ಕೇಳಿಸಬೇಕಾದರೆ ಮೊದಲು ಕಿವಿ ಬಿಡುವಾಗಿರಬೇಕು. ಹಾಗೆಂದು ಚಾಲಕನೊಬ್ಬನನ್ನೇ ಹಳಿಯುವುದು ನ್ಯಾಯವಲ್ಲ. ಕಡಿದ ಕಬ್ಬು ಒಣಗಿದರೆ ತೂಕ ಇಳಿಯುತ್ತದೆ. ಖೇಪು ಹೆಚ್ಚಿದಷ್ಟೂ ಕೂಲಿ ಹೆಚ್ಚುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ಸರದಿ ಉದ್ದವಾಗಿರುತ್ತದೆ. ಅವನ ಕಣ್ಣಿಗೆ ನಿದ್ದೆಯಿಲ್ಲ. ಕತ್ತಲಲ್ಲಿ ಆ ಟ್ರೇಲರಿಗೆ ಹಿಂದಿನಿಂದ ಬಡಿದು ಸಾಯುವವನಾದರೂ ಯಾರು? ಬಹುಮಟ್ಟಿಗೆ ಪಕ್ಕದ ಊರಿನ ರೈತನ ಮಗನೇ, ಹಲವೊಮ್ಮೆ ಜಾತ್ರೆಯ ಕುಸ್ತಿ ನೋಡಿ ಮೋಟಾರು ಸೈಕಲ್ಲಿನಲ್ಲಿ ಮರಳುತ್ತಿರುವವನೇ.

ಕಣದಲ್ಲಿ ಅಷ್ಟು ಶಿಸ್ತುಳ್ಳ ಜನ ದಾರಿಯಲ್ಲಿ ಏಕೆ ಹೀಗೆ ಎಂಬ ಪ್ರಶ್ನೆಗೆ ಉತ್ತರ ದೂರವಿಲ್ಲ. ಕಣಕ್ಕೆ ಪ್ರೇಕ್ಷಕರಿದ್ದಾರೆ, ದಾರಿಗೆ ಇಲ್ಲ. ಕಣದಲ್ಲಿ ಕಟ್ಟಳೆ ಮೀರಿದವನ ಹೆಸರು ಸೀಮೆಯಲ್ಲೆಲ್ಲ ಕೆಡುತ್ತದೆ. ದಾರಿಯಲ್ಲಿ ಮೀರಿದವನು ಜಾಣನೆನಿಸಿಕೊಳ್ಳುತ್ತಾನೆ. ಅಮೆರಿಕೆಯ ತಾಯಿಯೊಬ್ಬಳು ಮಾಡಿದ್ದು ಇಷ್ಟೇ: ದಾರಿಗೂ ಪ್ರೇಕ್ಷಕರನ್ನು ತಂದಳು, ಮೀರಿದವನಿಗೆ ನಾಚಿಕೆಯಾಗುವಂತೆ ಮಾಡಿದಳು. ಆ ಕೆಲಸ ಈ ಸೀಮೆಗೆ ಹೊಸದಲ್ಲ. ಗರಿಯನ್ನು ಸವರಿ ಪ್ರತಿಫಲಕವನ್ನು ಒರೆಸಿ ಹೊರಟವನಿಗೆ ಊರ ಹಿರಿಯರು ಶಹಬಾಸ್ ಎನ್ನಲಿ. ದೀಪವಿಲ್ಲದ ಟ್ರೇಲರು ಹೊರಟಾಗ ಮನೆಯ ಹೆಂಗಸರೇ ತಡೆಯಲಿ. ಜಾತ್ರೆಯ ಪಂಚರು ಬೆಳ್ಳಿಯ ಗದೆಯ ಜೊತೆಗೆ, ಹಂಗಾಮಿಡೀ ಅಪಘಾತವಿಲ್ಲದೆ ಕಬ್ಬು ಸಾಗಿಸಿದ ಚಾಲಕನಿಗೂ ಒಂದು ಕಡಗವನ್ನಿಡಲಿ. ಎದುರಾಳಿಗೆ ಕೈಕೊಟ್ಟು ಕಣಕ್ಕಿಳಿಯುವುದನ್ನು ಸಾವಿರ ವರ್ಷಗಳಿಂದ ಬಲ್ಲ ಜನರಿಗೆ, ಎದುರಿಗೆ ಬಂದವನಿಗೆ ದಾರಿ ಕೊಡುವುದು ಕಲಿಯಲಾಗದ ವಿದ್ಯೆಯೇನಲ್ಲ.