ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ?

ಫೆಬ್ರುವರಿ ತಿಂಗಳ ಕೊನೆ. ಬೀದರ್ ಸೀಮೆಯಲ್ಲಿ ಕಡಲೆ ರಾಶಿಯ ದಿನಗಳು. ಕಮಠಾಣದಿಂದ ನಿತ್ಯ ಬಸ್ಸಿನಲ್ಲಿ ಬೀದರಿಗೆ ಹೋಗಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಮೂರು ತಿಂಗಳಿನಿಂದ ಅವನು ರಾತ್ರಿ ನಿದ್ದೆಗೆಟ್ಟು, ಎಂದೂ ಮುಖ ನೋಡದ ಜನರು ಕಟ್ಟಿದ ತಂತ್ರಾಂಶವೊಂದರ ತಪ್ಪುಗಳನ್ನು ತಿದ್ದುತ್ತಿದ್ದಾನೆ. ಬೇಸಿಗೆಯಲ್ಲಿ ಅದೇ ಕೆಲಸಕ್ಕೆ ಗೂಗಲ್‌ನಿಂದ ಶಿಷ್ಯವೇತನ ಸಿಕ್ಕೀತೆಂಬ ಆಸೆ. ಪಟ್ಟಿ ಪ್ರಕಟವಾಗುತ್ತದೆ. ಹುಡುಗನ ಹೆಸರು ಬರುವ ಹಂತವೇ ಅದಲ್ಲ. ಅವನು ನೆಚ್ಚಿದ ಯೋಜನೆಯ ಹೆಸರೇ ಅದರಲ್ಲಿಲ್ಲ! ‘ರೊಕ್ಕ ಕೊಡಲ್ದವರ ಕೆಲಸ ಯಾಕ ಮಾಡ್ಲಕತ್ತಿ?’ ಎಂದು ಅಪ್ಪ ಕೇಳಿದರೆ ಅವನು ಏನು ಹೇಳಬೇಕು?

ಹುಡುಗ ಕಲ್ಪನೆಯವನು, ಪ್ರಶ್ನೆ ಕಲ್ಪನೆಯದಲ್ಲ. ಮೊದಲು ಈ ಏರ್ಪಾಟನ್ನು ಪಾಲಕರು ತಿಳಿದುಕೊಳ್ಳಬೇಕು. ‘ಗೂಗಲ್ ಸಮ್ಮರ್ ಆಫ್ ಕೋಡ್’ 2005ರಲ್ಲಿ ಆರಂಭವಾಯಿತು. ಯಾರು ಬೇಕಾದರೂ ಒಳಗನ್ನು ನೋಡಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಗಳ ಕೆಲಸಕ್ಕೆ ಹೊಸಬರನ್ನು ಕರೆತರುವುದು ಇದರ ಉದ್ದೇಶ. ಮೊದಲ ವರ್ಷ ವಿದ್ಯಾರ್ಥಿಗೆ 4,500 ಡಾಲರ್, ಮಾರ್ಗದರ್ಶನ ಮಾಡಿದ ಸಂಸ್ಥೆಗೆ 500 ಡಾಲರ್ ಕೊಟ್ಟರು. ಈಗ ಮೊತ್ತ ದೇಶದಿಂದ ದೇಶಕ್ಕೆ ಬೇರೆ. 2022ರಿಂದ ವಿದ್ಯಾರ್ಥಿಯೇ ಆಗಿರಬೇಕೆಂಬ ನಿಯಮವೂ ಇಲ್ಲ. 18 ತುಂಬಿರಬೇಕು, ಈ ಕ್ಷೇತ್ರಕ್ಕೆ ಹೊಸಬರಾಗಿರಬೇಕು.

ಇಲ್ಲಿ ಎರಡು ಜರಡಿಗಳಿವೆ. ಮೊದಲು ಸಂಸ್ಥೆಗಳು ಅರ್ಜಿ ಹಾಕುತ್ತವೆ, ಗೂಗಲ್ ಅವುಗಳಲ್ಲಿ ಕೆಲವನ್ನು ಆರಿಸುತ್ತದೆ. ಅದಾದ ಮೇಲಷ್ಟೇ ಆಯ್ಕೆಯಾದ ಸಂಸ್ಥೆಗಳಿಗೆ ಅಭ್ಯರ್ಥಿಗಳು ತಮ್ಮ ಪ್ರಸ್ತಾವ ಸಲ್ಲಿಸಬೇಕು. ಹೀಗಾಗಿ ಮೊದಲ ಜರಡಿಯಲ್ಲೇ ಯೋಜನೆ ಉದುರಿಹೋದರೆ ಹುಡುಗ ಎಷ್ಟೇ ಜಾಣನಿದ್ದರೂ ಅವನ ಅರ್ಜಿಗೆ ಜಾಗವೇ ಇರುವುದಿಲ್ಲ. ಮನೆಯವರಿಗೆ ಮಾತ್ರ ಎಲ್ಲವೂ ಒಂದೇ ‘ಫೇಲು’!

ಉದುರುವುದು ಸಣ್ಣ ಯೋಜನೆಗಳಷ್ಟೇ ಎಂದು ತಿಳಿಯಬೇಡಿ. 2015ರ ಮಾರ್ಚ್ 2ರಂದು ಪಟ್ಟಿ ಹೊರಬಿದ್ದಾಗ ನಾನೂರಕ್ಕೂ ಹೆಚ್ಚು ಅರ್ಜಿಗಳಲ್ಲಿ ಆಯ್ಕೆಯಾಗಿದ್ದು 137 ಸಂಸ್ಥೆಗಳು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಅದರಲ್ಲಿರಲಿಲ್ಲ. ಲಿನಕ್ಸ್ ಫೌಂಡೇಶನ್ ಇರಲಿಲ್ಲ. ಟಾರ್ ಯೋಜನೆಯೂ ಇರಲಿಲ್ಲ. ಕನ್ನಡದಲ್ಲಿಯೂ ಬಳಸಬಹುದಾದ ಫೈರ್‌ಫಾಕ್ಸ್‌ನಂಥ ಬ್ರೌಸರ್ ಕೊಟ್ಟವರಿಗೇ ಹೀಗಾದರೆ ಉಳಿದವರ ಪಾಡೇನು? ಹಳಬರೇ ಪ್ರತಿ ವರ್ಷ ಬಂದು ಕುಳಿತರೆ ಹೊಸ ಯೋಜನೆಗಳಿಗೆ ಜಾಗ ಸಿಗುವುದಿಲ್ಲ ಎಂಬುದೂ ನಿಜವೇ. ಆದರೆ ವಿದ್ಯಾರ್ಥಿಗಳ ಅರ್ಜಿ ಮಾರ್ಚ್ 16ರಿಂದ 27ರವರೆಗೆ ಎಂದಿತ್ತು. ಅಂದರೆ ಮೊಜಿಲ್ಲಾವನ್ನು ನಂಬಿ ತಿಂಗಳುಗಟ್ಟಲೆ ಸಿದ್ಧನಾದವನಿಗೆ ಬೇರೆ ಬಾಗಿಲು ಹುಡುಕಲು ಉಳಿದದ್ದು ಮೂರೂವರೆ ವಾರ ಮಾತ್ರ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ಕುಂದು ಇದೇ. ಪೆಟ್ಟು ಬೀಳುವುದು ಸಂಸ್ಥೆಗಿಂತ ಹೆಚ್ಚಾಗಿ ವಿದ್ಯಾರ್ಥಿಗೆ.

ಆಯ್ಕೆಯಲ್ಲಿ ಸಂಸ್ಥೆಯ ಹೆಸರಿಗಿಂತ ಅದು ಮುಂದಿಡುವ ಕೆಲಸಗಳ ಪಟ್ಟಿಗೆ ತೂಕ ಹೆಚ್ಚು. ಯಾವ ಕೆಲಸ, ಎಷ್ಟು ಗಂಟೆಯದು, ಏನು ಗೊತ್ತಿರಬೇಕು, ಯಾರು ಕಲಿಸುತ್ತಾರೆ ಎಂಬುದು ಸ್ಪಷ್ಟವಾಗಿರಬೇಕು. ಕಲಿಸುವವರು ಬಹುತೇಕ ಬಿಡುವಿನ ವೇಳೆಯಲ್ಲಿ ದುಡಿಯುವವರು. ಇಡೀ ಬೇಸಿಗೆ ಒಬ್ಬ ಹೊಸಬನ ಬೆನ್ನಿಗೆ ನಿಲ್ಲುವ ಪುರುಸೊತ್ತು ಎಲ್ಲ ಯೋಜನೆಗಳಿಗೂ ಇರುವುದಿಲ್ಲ.

ಇನ್ನು, ಬಿಟ್ಟುಹೋದವರು ಏನು ಮಾಡಿದರು ಎಂಬ ಕಥೆ ಸ್ವಾರಸ್ಯವಾಗಿದೆ. 2015ರಲ್ಲಿ ಟಾರ್ ತಂಡ ಕೈಕಟ್ಟಿ ಕೂಡಲಿಲ್ಲ. ‘ಸಮ್ಮರ್ ಆಫ್ ಪ್ರೈವಸಿ’ ಎಂದು ತನ್ನದೇ ಬೇಸಿಗೆ ಕಾರ್ಯಕ್ರಮ ನಡೆಸಿತು. ಅದಕ್ಕೂ ಮುಂಚೆ, 2006ರಲ್ಲಿ, ಕೆಡಿಇ ಎಂಬ ತಂತ್ರಾಂಶ ಬಳಗಕ್ಕೆ ಒಳ್ಳೆಯ ಅರ್ಜಿಗಳು ಬಂದವು, ಆದರೆ ಗೂಗಲ್ ಕೊಟ್ಟ ಸ್ಥಾನಗಳು ಸಾಲಲಿಲ್ಲ. ಉಳಿದ ಹುಡುಗರನ್ನು ಬರಿಗೈಲಿ ಕಳಿಸಲು ಮನಸ್ಸಾಗದೆ ‘ಸೀಸನ್ ಆಫ್ ಕೆಡಿಇ’ ಆರಂಭಿಸಿದರು. ಅಲ್ಲಿ ಸಿಗುತ್ತಿದ್ದುದು ಮಾರ್ಗದರ್ಶನ ಮತ್ತು ಪ್ರಮಾಣಪತ್ರ, ವೇತನವಲ್ಲ. ಅದೇ ವರ್ಷ ಗ್ನೋಮ್ ಬಳಗಕ್ಕೆ 181 ಅರ್ಜಿಗಳು ಬಂದವು. ಅವುಗಳಲ್ಲಿ ಒಬ್ಬ ಹುಡುಗಿಯದೂ ಇಲ್ಲ! ಹೆಣ್ಣುಮಕ್ಕಳಿಗೆಂದೇ ಬೇರೆಯಾಗಿ ಕರೆ ಕೊಟ್ಟು ಆರು ಜನರನ್ನು ಆರಿಸಿಕೊಂಡರು. ಅದೇ ಬೆಳೆದು ಇಂದು ‘ಔಟ್‌ರೀಚಿ’ ಎನಿಸಿದೆ, ವೇತನವನ್ನೂ ಕೊಡುತ್ತದೆ. ಭಾಲ್ಕಿ, ಔರಾದ್ ಕಡೆಯ ಹುಡುಗಿಯರು ಈ ಹೆಸರನ್ನು ಗುರುತಿಟ್ಟುಕೊಳ್ಳುವುದು ಒಳ್ಳೆಯದು.

ಊಟ, ವಸತಿ ಕೊಟ್ಟು ಓದಿಸುವ ಕ್ರಮ ಬೀದರಿಗೆ ಹೊಸದೇನಲ್ಲ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ವಿದ್ಯಾರ್ಥಿಗಳಿಗೆ ಎರಡೂ ಉಚಿತವಾಗಿದ್ದವು, ಸುಮಾರು ಮೂರು ಸಾವಿರ ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಒಡೆಯನ ಕೃಪೆ ಎಷ್ಟು ದಿನ ಎಂಬುದಕ್ಕೂ ಅದೇ ಊರು ಸಾಕ್ಷಿ: 1481ರಲ್ಲಿ ಸುಲ್ತಾನನೇ ಗವಾನನನ್ನು ಕೊಲ್ಲಿಸಿದ.

ಹಾಗಾದರೆ ನಮ್ಮ ಕಮಠಾಣದ ಹುಡುಗ? ಅವನು ತಿದ್ದಿದ ಸಾಲುಗಳು ಆ ತಂತ್ರಾಂಶದಲ್ಲಿ ಸೇರಿದ್ದರೆ ಅವು ಅವನ ಹೆಸರಿನಲ್ಲೇ ಅಲ್ಲಿ ಉಳಿಯುತ್ತವೆ. ಪಟ್ಟಿ ಅವನ್ನು ಅಳಿಸಲಾರದು. ಕೆಲಸ ಕೇಳಿ ಹೋದಾಗ ತೋರಿಸಬಹುದಾದ ಪುರಾವೆ ಅದು. ಮುಂದಿನ ಸಲ ಒಂದೇ ಯೋಜನೆಯನ್ನು ನೆಚ್ಚಿ ಕೂಡದೆ, ಗೂಗಲ್ ಪ್ರಕಟಿಸುವ ಹಳೆಯ ವರ್ಷಗಳ ಪಟ್ಟಿಗಳನ್ನು ನೋಡಿ ಎರಡು ಕಡೆ ಕೈಯಾಡಿಸಿರಲಿ. ಕನ್ನಡದ ಕೆಲಸವೂ ಬೇಕಾದಷ್ಟಿದೆ: ‘ಗುಬ್ಬಿ’, ‘ನವಿಲು’ ಮುಕ್ತ ಅಕ್ಷರ ವಿನ್ಯಾಸಗಳು ಕಣ್ಣೆದುರಿಗಿವೆ, ಲಿಬ್ರೆ ಆಫೀಸಿನ ಅನುವಾದವಿದೆ.

ಪಾಲಕರಿಗೆ ಒಂದು ಮಾತು. ಶಿಷ್ಯವೇತನದ ಹಣವನ್ನು ಮುಂಗಡವಾಗಿ ಲೆಕ್ಕ ಹಿಡಿದು ಫೀಸಿಗೋ ಸಾಲಕ್ಕೋ ಹೊಂದಿಸಬೇಡಿ. ಆಯ್ಕೆಯಾದರೂ ಅದು ಒಂದೇ ಗಂಟಿನಲ್ಲಿ ಬರುವುದಿಲ್ಲ. ನಡುವೆ ಒಮ್ಮೆ, ಕೊನೆಗೊಮ್ಮೆ ಕೆಲಸದ ಪರೀಕ್ಷೆಯಾಗಿ, ಅದರಲ್ಲಿ ತೇರ್ಗಡೆಯಾದ ಮೇಲೆಯೇ ಕೈಗೆ ಸಿಗುತ್ತದೆ. ಅದಕ್ಕಾಗಿ ಯಾರಾದರೂ ಮಧ್ಯವರ್ತಿ ಶುಲ್ಕ ಕೇಳಿದರೆ ಬಾಗಿಲಲ್ಲೇ ಕಳಿಸಿಬಿಡಿ. ಅರ್ಜಿಗೆ ಒಂದು ಪೈಸೆಯೂ ಬೇಕಿಲ್ಲ.