‘ಯೆಸ್’ ಎಂದರೆ ಯಾವಾಗಲೂ ‘ಹೌದು’ ಅಲ್ಲ

ಕೆಲವು ವರ್ಷಗಳ ಹಿಂದೆ ನಮ್ಮ ಸೋದರಮಾವನವರು ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗಾಗಿ ಮೈಸೂರಿನಿಂದ ಚೆನ್ನೈಗೆ ಬಂದಿದ್ದರು. ಆಸ್ಪತ್ರೆಯಲ್ಲಿ ಬೆಳಗಿನ ಹೊತ್ತು ವಾರ್ಡಿಗೆ ಬಂದ ತರುಣ ವೈದ್ಯರು, “ಯು ಹ್ಯಾವಂಟ್ ಈಟನ್ ಎನಿಥಿಂಗ್?” ಎಂದು ಕೇಳಿದರು. ಮಾವನವರು ಗಂಭೀರವಾಗಿ “ಯೆಸ್” ಎಂದರು. ವೈದ್ಯರು ಹುಬ್ಬು ಗಂಟಿಕ್ಕಿದರು. ಶಸ್ತ್ರಚಿಕಿತ್ಸೆಯನ್ನು ಮುಂದೂಡುವ ಮಾತು ಹೊರಟಿತು. ಹೊರಗಿದ್ದ ನಾನು ಗಾಬರಿಯಿಂದ ಒಳಗೆ ಬಂದು, “ಮಾವ, ಏನು ತಿಂದಿರಿ?” ಎಂದು ಕೇಳಿದೆ. “ರಾತ್ರಿಯಿಂದ ಹನಿ ನೀರೂ ಮುಟ್ಟಿಲ್ಲವಪ್ಪ! ಏನೂ ತಿಂದಿಲ್ಲವೇ ಅಂದರು, ಹೌದು ಅಂದೆ” ಎಂದು ಅವರು ಬೇಸರಪಟ್ಟರು.

ಅವರ ಇಂಗ್ಲಿಷ್ ಕೀಳ್ಮಟ್ಟದ್ದೇನೂ ಅಲ್ಲ. ಕಚೇರಿಯ ಕಡತಗಳಲ್ಲಿ 30 ವರ್ಷ ಇಂಗ್ಲಿಷನ್ನೇ ಬರೆದವರು. ತೊಡಕು ಹುಟ್ಟಿದ್ದು ನಿಷೇಧಾರ್ಥಕ ಪ್ರಶ್ನೆಗೆ ಉತ್ತರ ಕೊಡುವ ಕ್ರಮದಲ್ಲಿ. ಈ ಕ್ರಮ ಎರಡು ಭಾಷೆಗಳಲ್ಲಿ ಬೇರೆ ಬೇರೆ.

ಕನ್ನಡದ ‘ಹೌದು’ ಎಂಬುದರ ಹಿಂದಿನ ರೂಪ ‘ಅಹುದು’. ‘ಆಗು’ ಧಾತುವಿನಿಂದ ಬಂದದ್ದು. ‘ನೀವು ಹೇಳಿದ್ದು ಸರಿ’ ಎಂಬುದೇ ಅದರ ಭಾವ. ಅಂದರೆ ನಮ್ಮ ಉತ್ತರ ಕೇಳಿದವರ ಮಾತಿಗೆ ಕೊಡುವ ಸಮ್ಮತಿ. “ಜ್ವರವಿಲ್ಲವೇ?” ಎಂದರೆ “ಹೌದು, ಇಲ್ಲ” ಎನ್ನುತ್ತೇವೆ, ಅದರಲ್ಲಿ ವಿರೋಧವೇನೂ ನಮಗೆ ತೋರದು. ಇಂಗ್ಲಿಷಿನ ‘ಯೆಸ್’ ಮತ್ತು ‘ನೋ’ಗಳಾದರೋ ಕೇಳಿದವರ ಮಾತನ್ನು ಲೆಕ್ಕಿಸದೆ ವಸ್ತುಸ್ಥಿತಿಯನ್ನು ಮಾತ್ರ ನೋಡುತ್ತವೆ. ಜ್ವರವಿದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’. ಪ್ರಶ್ನೆ ಯಾವ ರೂಪದಲ್ಲಿದ್ದರೂ ಅಷ್ಟೆ. ‘ಯೆಸ್, ಐ ಹ್ಯಾವಂಟ್’ ಎಂಬ ಜೋಡಣೆ ಅವರ ಕಿವಿಗೆ ಒಡಕು ಮಡಕೆಯ ಸದ್ದಿನಂತೆ ಕೇಳಿಸುತ್ತದೆ.

ಇದರಲ್ಲಿ ನಾವು ಒಂಟಿಯಲ್ಲ. ತಮಿಳರ ‘ಆಮಾಂ’, ಜಪಾನೀಯರ ‘ಹಾಯ್’ ಇವೂ ಸಮ್ಮತಿಯ ಜಾತಿಗೇ ಸೇರಿದವು. ಫ್ರೆಂಚರು ನಿಷೇಧದ ಪ್ರಶ್ನೆಯನ್ನು ಅಲ್ಲಗಳೆಯಲು ‘ಸಿ’ ಎಂಬ ಪ್ರತ್ಯೇಕ ಪದವನ್ನೂ ಜರ್ಮನರು ‘ಡೋಖ್’ ಎಂಬುದನ್ನೂ ಇಟ್ಟುಕೊಂಡಿದ್ದಾರೆ. ಇಂಗ್ಲಿಷಿನಲ್ಲಿಯೇ ಹಿಂದೆ ನಾಲ್ಕು ಪದಗಳಿದ್ದವು: ಸಾಮಾನ್ಯ ಪ್ರಶ್ನೆಗೆ ‘ಯೇ’, ‘ನೇ’, ನಿಷೇಧದ ಪ್ರಶ್ನೆಗೆ ‘ಯೆಸ್’, ‘ನೋ’. 1532ರಲ್ಲಿ ಸರ್ ಥಾಮಸ್ ಮೋರ್, ಬೈಬಲನ್ನು ಭಾಷಾಂತರಿಸಿದ ಟಿಂಡೇಲನು ‘ನೋ’ ಮತ್ತು ‘ನೇ’ಗಳ ಭೇದವನ್ನು ಪಾಲಿಸಲಿಲ್ಲವೆಂದು ಆಕ್ಷೇಪಿಸಿದ್ದನು. ಬಳಿಕ ಆ ಭೇದ ಅಳಿಯಿತು, ಎರಡೇ ಪದ ಉಳಿದವು.

ಚೆನ್ನೈಯಲ್ಲಿ ತೊಡಕು ಇನ್ನೊಂದು ಸುತ್ತು ಹೆಚ್ಚು. ರೋಗಿ ಕನ್ನಡಿಗ, ದಾದಿ ತಮಿಳು ಅಥವಾ ಮಲಯಾಳ ಮಾತನಾಡುವಾಕೆ, ನಡುವೆ ಇಂಗ್ಲಿಷ್. ರೋಗಿಯ ‘ಯೆಸ್’ ಅನ್ನು ದಾದಿ ನಮ್ಮ ರೀತಿಯಲ್ಲೇ ಗ್ರಹಿಸಬಹುದು. ಇಂಗ್ಲಿಷ್ ಶಾಲೆಗಳಲ್ಲಿ ಕಲಿತ ವೈದ್ಯರು ಆಂಗ್ಲರ ರೀತಿಯಲ್ಲಿ ಗ್ರಹಿಸಬಹುದು. ಯಾರು ಯಾವ ರೀತಿಯವರೆಂದು ಮುಖ ನೋಡಿ ತಿಳಿಯಲಾಗದು. ಅದರ ಮೇಲೆ ಸಮ್ಮತಿಸೂಚಕವಾಗಿ ತಲೆಯನ್ನು ಅತ್ತಿತ್ತ ಆಡಿಸುವ ನಮ್ಮ ಅಭ್ಯಾಸ ಬೇರೆ! ಇಲ್ಲಿಯ ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ‘ನೋ’ ಸೇರಿಸುವ ರೂಢಿಯೂ ಉಂಟು. “ಯು ಆರ್ ಡಯಾಬಿಟಿಕ್, ನೋ?” ಎಂಬಲ್ಲಿ ಅದು ನಿಷೇಧವೇ ಅಲ್ಲ, ನಮ್ಮ ‘ಅಲ್ಲವೇ?’ ಮಾತ್ರ.

ತಪ್ಪು ತಿಳುವಳಿಕೆಯ ಫಲ ಶಸ್ತ್ರಚಿಕಿತ್ಸೆ ತಡವಾಗುವುದಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಅರಿವಳಿಕೆ ಕೊಡುವ ಮುನ್ನ ಘನಾಹಾರ ಸೇವಿಸಿ ಕನಿಷ್ಠ 6 ಗಂಟೆ, ನೀರು ಕುಡಿದು 2 ಗಂಟೆ ಕಳೆದಿರಬೇಕೆಂಬುದು ಸಾಮಾನ್ಯ ನಿಯಮ. ಎಚ್ಚರ ತಪ್ಪಿದವರ ಹೊಟ್ಟೆಯಲ್ಲಿರುವುದು ಮೇಲಕ್ಕೆ ಬಂದು ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ. “ಯು ಆರ್ ನಾಟ್ ಅಲರ್ಜಿಕ್ ಟು ಪೆನಿಸಿಲಿನ್?” ಎಂಬ ಪ್ರಶ್ನೆಗೆ, ಅದು ಒಗ್ಗದ ರೋಗಿಯೊಬ್ಬರು ‘ಅಲ್ಲ, ಒಗ್ಗುವುದಿಲ್ಲ’ ಎಂಬ ಭಾವದಲ್ಲಿ ‘ನೋ’ ಎಂದರೆ, ವೈದ್ಯರು ಒಗ್ಗುತ್ತದೆಂದೇ ತಿಳಿದು ಚುಚ್ಚುಮದ್ದನ್ನು ಕೊಡಬಹುದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರನ್ನು ಎಂ.ಆರ್.ಐ. ಯಂತ್ರದ ಬಳಿ ಕೇಳುವ ಪ್ರಶ್ನೆಯೂ ಇಂಥದೇ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ರೋಗಿಗೆ ತಿಳಿದ ಅಲರ್ಜಿ ಇದೆಯೇ ಎಂದು ನೇರವಾಗಿಯೇ ಕೇಳಿದೆ, ‘ಇಲ್ಲವಷ್ಟೆ?’ ಎಂದಲ್ಲ.

ನಿಷೇಧದ ಪ್ರಶ್ನೆಗಳೆಲ್ಲವೂ ವಿಷಯ ತಿಳಿಯಲು ಕೇಳಿದವುಗಳಲ್ಲ ಎಂಬುದನ್ನೂ ಗಮನಿಸಬೇಕು. “ವೋಂಟ್ ಯು ಸಿಟ್ ಡೌನ್?” ಎಂಬುದು ಉಪಚಾರದ ಮಾತು. “ಡಿಡಂಟ್ ಯು ಟೇಕ್ ದಿ ಟ್ಯಾಬ್ಲೆಟ್?” ಎಂಬುದರಲ್ಲಿ ತೆಗೆದುಕೊಂಡಿರಬೇಕಿತ್ತೆಂಬ ನಿರೀಕ್ಷೆಯೂ ತುಸು ಆಕ್ಷೇಪವೂ ಇವೆ. “ವೈ ಡೋಂಟ್ ಯು ಟೇಕ್ ಇಟ್ ಅಟ್ ನೈಟ್?” ಎಂದು ವೈದ್ಯರು ಕೇಳಿದರೆ ಅದು ಸಲಹೆ, ಕನ್ನಡದಲ್ಲಿ “ರಾತ್ರಿ ತೆಗೆದುಕೊಳ್ಳಬಾರದೇ?” ಎಂದಂತೆ. ಅದನ್ನು ಗದರಿಕೆಯೆಂದು ತಿಳಿದು, ಬೆಳಿಗ್ಗೆಯೇ ಏಕೆ ನುಂಗುತ್ತಿದ್ದೇನೆಂದು ಸಮಜಾಯಿಷಿ ಹೇಳತೊಡಗಿದವರನ್ನು ನಾನು ಕಂಡಿದ್ದೇನೆ. “ವುಡ್ ಯು ಮೈಂಡ್ ರಿಮೂವಿಂಗ್ ಯುವರ್ ಶರ್ಟ್?” ಎಂಬಲ್ಲಿ ನಿಷೇಧಪದವಿಲ್ಲದಿದ್ದರೂ ‘ಆಕ್ಷೇಪವಿದೆಯೇ?’ ಎಂಬುದು ಅದರ ಅರ್ಥ. ಅದಕ್ಕೆ ‘ಯೆಸ್’ ಎಂದರೆ ಅಂಗಿ ತೆಗೆಯಲೊಲ್ಲೆ ಎಂದಾಯಿತು! ಗುಂಡಿ ಬಿಚ್ಚತೊಡಗುವುದೇ ಅಲ್ಲಿ ಸರಿಯಾದ ಉತ್ತರ.

ಆದ್ದರಿಂದ ಆಸ್ಪತ್ರೆಯಲ್ಲಿ ಒಂದೇ ಪದದ ಉತ್ತರವನ್ನು ಬಿಟ್ಟು ಪೂರ್ಣ ವಾಕ್ಯವನ್ನು ಹೇಳುವುದು ಕ್ಷೇಮ. “ಐ ಹ್ಯಾವ್ ನಾಟ್ ಈಟನ್ ಸಿನ್ಸ್ ನೈನ್ ಓ ಕ್ಲಾಕ್ ಲಾಸ್ಟ್ ನೈಟ್” ಎಂದರೆ ಯಾರಿಗೂ ಸಂಶಯ ಉಳಿಯದು. ಒಗ್ಗದ ಔಷಧಗಳ ಹೆಸರನ್ನು ಚೀಟಿಯಲ್ಲಿ ಬರೆದು ತೋರಿಸುವುದು ಇನ್ನೂ ಮೇಲು. ನಮ್ಮ ಮನೆಗಳಲ್ಲಿ ಅಜ್ಜಿ ತಾತಂದಿರಿಗೆ ದುಭಾಷಿಗಳಾಗುವವರು ಇಲ್ಲಿಯೇ ಬೆಳೆದ ಮೊಮ್ಮಕ್ಕಳು. “ಅಜ್ಜಿ, ನೋವಿಲ್ಲವಾ?” ಎಂದು ಕೇಳಿ, ಆಕೆಯ “ಹೌದಪ್ಪ” ಎಂಬುದನ್ನು ವೈದ್ಯರಿಗೆ ‘ಯೆಸ್’ ಎಂದು ದಾಟಿಸುವ ಮಕ್ಕಳಿಗೆ, “ನೋವು ಇದೆಯಾ, ಎಲ್ಲಿದೆ?” ಎಂದು ಕೇಳುವುದನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಸಬಹುದು.

ಅಂದು ನಮ್ಮ ಮಾವನವರ ಶಸ್ತ್ರಚಿಕಿತ್ಸೆ ಮಧ್ಯಾಹ್ನಕ್ಕೆ ನೆರವೇರಿತು. ಮರುದಿನ ಅದೇ ತರುಣ ವೈದ್ಯರು ಬಂದು “ನೋ ಪೇನ್?” ಎಂದಾಗ, ಅವರು ನನ್ನ ಕಡೆ ಒಮ್ಮೆ ನೋಡಿ, ತುಸು ಯೋಚಿಸಿ, “ಲಿಟಲ್ ಪೇನ್, ಹಿಯರ್” ಎಂದು ಬೆರಳಿಟ್ಟು ತೋರಿಸಿದರು.